ಗುರುದೇವಿಯ ಚೀಲಕ್ಕೆ ಯಾರೂ ಕೈ ಹಚ್ಚಬೇಡಿ

ಅಮೆರಿಕದ ರಾಚೆಸ್ಟರ್ ಹಿಲ್ಸ್‌ನ ಗುರುದೇವಿಯ ಕೈಯಲ್ಲಿ ಏನಾದರೂ ಸಾಮಾನು ಕಂಡರೆ ಸಾಕು, ಯಾರಾದರೊಬ್ಬರು ಓಡಿ ಬಂದು ಅದನ್ನು ಕಿತ್ತುಕೊಳ್ಳುತ್ತಾರೆ. ಯುಗಾದಿಯ ಊಟಕ್ಕೆ ಪಲ್ಯದ ಪಾತ್ರೆ ತಂದರೆ ಪಾರ್ಕಿಂಗ್ ಲಾಟಿನಲ್ಲೇ ಹುಡುಗರು ಮುತ್ತಿಕೊಳ್ಳುತ್ತಾರೆ. "ಕೊಡಿ ಆಂಟಿ, ನಾವು ತರ್ತೀವಿ." ಅಂಗಡಿಯಿಂದ ಅಕ್ಕಿ ಚೀಲ ತಂದರೆ ಪಕ್ಕದ ಮನೆಯವರು ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ ಬರುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಹಿರಿಯರ ಕೈಯಲ್ಲಿ ಭಾರ ಇರಬಾರದು ಎಂದು ನಮಗೆಲ್ಲ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಾರೆ. ಸಮುದ್ರ ದಾಟಿ ಬಂದವರು ಏನೇನೋ ಬಿಟ್ಟರೂ ಇದೊಂದನ್ನು ಬಿಟ್ಟಿಲ್ಲ. ಆದರೆ ಐವತ್ತೆಂಟರ ಗುರುದೇವಿಗೆ ಈ ಮರ್ಯಾದೆ ಸಾಕುಸಾಕಾಗಿ ಹೋಗಿತ್ತು.

ಇದೆಲ್ಲ ಹೆಚ್ಚಾದದ್ದು ನಾಲ್ಕು ವರ್ಷದ ಹಿಂದೆ, ಆಕೆಯ ಬೆನ್ನಿನ ಆಪರೇಷನ್ ಆದ ಮೇಲೆ. ಬೆನ್ನು ಒಂದು ವರ್ಷದಲ್ಲಿ ವಾಸಿಯಾಯಿತು. ಗಂಡ ಸಂಗಮೇಶನ ಹೆದರಿಕೆ ಮಾತ್ರ ವಾಸಿಯಾಗಲಿಲ್ಲ. ಅವನು ಡಾಕ್ಟರು. ಆಪರೇಷನ್ನಿಗೆ ಮೊದಲು ರೋಗಿಗಳಿಗೆ ಅರಿವಳಿಕೆ ಕೊಡುವವನು. ದಿನಾ ಹತ್ತು ಮಂದಿಯನ್ನು ಮಲಗಿಸಿ ಎಬ್ಬಿಸುವ ಮನುಷ್ಯ, ಹೆಂಡತಿ ಫ್ರಿಜ್ಜಿನಿಂದ ಒಂದು ಗ್ಯಾಲನ್ ಹಾಲಿನ ಕ್ಯಾನು ಎತ್ತಿದರೆ ಎರಡು ಕೋಣೆ ದಾಟಿ ಬರುತ್ತಿದ್ದ.

"ನಾ ಏನು ಗಾಜಿನ ಬಳಿ ಅಂತ ತಿಳದೀರೇನು?" ಎಂದು ಗುರುದೇವಿ ಗದರುತ್ತಿದ್ದಳು. ಕ್ಯಾನು ಅಷ್ಟರಲ್ಲಿ ಅವನ ಕೈ ಸೇರಿರುತ್ತಿತ್ತು.

ಇನ್ನೊಂದು ತಮಾಷೆ ಹೇಳಬೇಕು. ಗುರುದೇವಿ ಗಜೇಂದ್ರಗಡದ ಹುಡುಗಿ, ಎಂಜಿನಿಯರ್. ಕಾರಿನ ಸೀಟು ತಯಾರಿಸುವ ಕಂಪನಿಯಲ್ಲಿ ಇಪ್ಪತ್ತೈದು ವರ್ಷದಿಂದ ಆಕೆಯ ಕೆಲಸವೆಂದರೆ ಸೀಟುಗಳ ಮೇಲೆ ಭಾರ ಹೇರಿ, ಯಾವುದು ಎಷ್ಟು ತಡೆದುಕೊಳ್ಳುತ್ತದೆ ಎಂದು ನೋಡುವುದು. ಭಾರದ ವಿಷಯದಲ್ಲಿ ಆಕೆಗೆ ಯಾರೂ ಪಾಠ ಹೇಳುವಂತಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಫೀಸಿನಲ್ಲಿ ವಿಶ್ರುತ್ ಎಂಬ ಮೈಸೂರಿನ ಯುವಕನಿದ್ದ. ಮೂವತ್ತು ದಾಟಿದವನು, ಬೆನ್ನಿಗೆ ಗುಡಾರ ಕಟ್ಟಿಕೊಂಡು ಕಾಡು ಬೆಟ್ಟ ತಿರುಗುವ ಹುಚ್ಚಿನವನು. ಸೆಪ್ಟೆಂಬರಿನಲ್ಲಿ ಕೆಲವರನ್ನು ಕರೆದುಕೊಂಡು ಲೇಕ್ ಸುಪೀರಿಯರ್ ನಡುವಿನ ಐಲ್ ರಾಯಲ್ ದ್ವೀಪಕ್ಕೆ ಹೋಗುವವನಿದ್ದ. ಅಲ್ಲಿ ಕಾರು ಓಡುವ ರಸ್ತೆಯೇ ಇಲ್ಲ. ಒಂದು ವಾರ ಊಟ, ಹಾಸಿಗೆ, ಮನೆ ಎಲ್ಲವನ್ನೂ ಅವರವರ ಬೆನ್ನ ಮೇಲೆ ಅವರವರೇ ಹೊತ್ತು ನಡೆಯಬೇಕು. ಕೊನೆಯ ಮಾತು ಕಿವಿಗೆ ಬಿದ್ದದ್ದೇ ತಡ, ಗುರುದೇವಿಗೆ ಆ ದ್ವೀಪಕ್ಕೆ ಹೋಗಲೇಬೇಕು ಎನಿಸಿತು. ಚಳಿಗಾಲ ಮುಗಿದ ದಿನದಿಂದ ಅಕ್ಕಿ ಚೀಲ ಬೆನ್ನಿಗೇರಿಸಿಕೊಂಡು ತಮ್ಮ ಬಡಾವಣೆಯ ಸುತ್ತ ತಿರುಗಿದಳು. ಓಣಿಯವರೆಲ್ಲ ಕಿಟಕಿಯಿಂದ ನೋಡಿ ನಕ್ಕರು. ಕೊನೆಗೆ ಸಂಗಮೇಶ ಒಂದು ಪಂದ್ಯ ಕಟ್ಟಿದ.

"ಜೂನ್‌ದಾಗ ಪೋರ್ಕ್ಯುಪೈನ್ ಬೆಟ್ಟದಾಗ ಒಂದು ದಿನ ನಿನ್ನ ಚೀಲ ನೀನ ಹೊತ್ಕೊಂಡು ನಡದು ತೋರಸು. ಮುಂಜಾನಿಂದ ಸಂಜೀತನ. ಒಂದು ಸಾಮಾನರೆ ಇನ್ನೊಬ್ಬರ ಬೆನ್ನಿಗೆ ಹೋತಂದ್ರ ದ್ವೀಪದ ಮಾತು ಅಲ್ಲಿಗೇ ಮುಗೀತು."

"ಆತು," ಎಂದಳು ಗುರುದೇವಿ. ಒಂದೇ ಮಾತು.

ಹೀಗೆ ಜೂನ್ ಕೊನೆಯ ಶನಿವಾರ ಬೆಳಗಾದಾಗ ಆಕೆ ಮಿಷಿಗನ್ನಿನ ಬಡಗಣ ತುದಿಯಲ್ಲಿ, ಲೇಕ್ ಸುಪೀರಿಯರ್ ದಂಡೆಯ ಗುಡಾರದಿಂದ ತಲೆ ಹೊರಹಾಕಿದಳು. ಮನೆಯಿಂದ ಹತ್ತು ತಾಸಿನ ಡ್ರೈವ್. ಹಿಂದಿನ ಸಂಜೆ ಸಂಗಮೇಶ ಆಕೆಯನ್ನೂ ಜೊತೆಗಾರರನ್ನೂ ರಸ್ತೆಯ ಬದಿಗೆ ಇಳಿಸಿ, ಬೆಟ್ಟದ ಆಚೆ ಊರಿನ ಮೋಟೆಲ್ಲಿಗೆ ಹೋಗಿದ್ದ. ಅಲ್ಲಿಂದ ಸ್ವಲ್ಪ ದೂರ ನಡೆದು ದಂಡೆಯಲ್ಲಿ ರಾತ್ರಿ ಕಳೆದಿದ್ದರು. ಈ ದಿನ ನದಿಯ ದಂಡೆ ಹಿಡಿದು ಹತ್ತು ಮೈಲಿ ನಡೆದು, ಕೊನೆಯಲ್ಲಿ ಬಂಡೆಯ ಏರು ಹತ್ತಿ ಬೆಟ್ಟದ ನೆತ್ತಿ ಸೇರಬೇಕು. ಅಲ್ಲಿಗೆ ಕಾರಿನ ರಸ್ತೆ ಬರುತ್ತದೆ. ಸಂಗಮೇಶ ಸಂಜೆ ಅಲ್ಲಿ ಕಾಯುತ್ತಾನೆ.

ಜೊತೆಗಿದ್ದವರು ಇಬ್ಬರೇ, ವಿಶ್ರುತ್ ಮತ್ತು ಷಹನಾಜ್. ಷಹನಾಜ್ ಗುರುದೇವಿಯ ಗೆಳತಿ, ವಿಜಯಪುರದವಳು, ಆಕೆಗಿಂತ ನಾಲ್ಕು ವರ್ಷ ಚಿಕ್ಕವಳು. ಪಕ್ಕದ ಊರು ಟ್ರಾಯ್‌ನಲ್ಲಿ ಮದುವೆ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಮೂವತ್ತು ವರ್ಷ ಮಷೀನಿನ ಮುಂದೆ ಬಾಗಿ ಕುಳಿತು ಅವಳ ಬಲಭುಜ ಆಗಾಗ ಹಿಡಿದುಕೊಳ್ಳುತ್ತದೆ. ಅದನ್ನು ಗುರುದೇವಿಗೆ ಬಿಟ್ಟು ಯಾರಿಗೂ ಅವಳು ಹೇಳಿರಲಿಲ್ಲ.

ಬೆಳಗಿನ ನಮಾಜು ಮುಗಿಸಿ ಷಹನಾಜ್ ಬಂದಾಗ ಗುರುದೇವಿಯ ಚೀಲ ಕಟ್ಟಿ ಮುಗಿದಿತ್ತು. ಗುಡಾರ, ಹಾಸಿಗೆ, ಕಡಕ್ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿ, ನೀರು. ತಿಂಗಳುಗಟ್ಟಲೆ ಕೆಡದ ಜೋಳದ ರೊಟ್ಟಿಗಿಂತ ಒಳ್ಳೆಯ ಬುತ್ತಿ ಈ ಭೂಮಿಯ ಮೇಲೆ ಇಲ್ಲವೆಂಬುದು ಆಕೆಯ ವಾದ. ಚೀಲ ಮೂವತ್ತು ಪೌಂಡು ಮೀರಿತ್ತು. ಅದನ್ನು ಮರಕ್ಕೆ ಆನಿಸಿಟ್ಟು ಗುರುದೇವಿ ನೀರಿನ ಕಡೆ ನಡೆದಳು. ಆ ಬೆಳಿಗ್ಗೆ ಆಕೆ ಇನ್ನೂ ಒಂದು ಕೆಲಸ ಮಾಡಿದ್ದಳು, ಅದನ್ನು ಸಮಯ ಬಂದಾಗ ಹೇಳುತ್ತೇನೆ.

ಕೆರೆಯಲ್ಲ ಅದು, ಸಮುದ್ರವೇ ಸರಿ. ನೀರು ಎಷ್ಟು ತಣ್ಣಗಿತ್ತೆಂದರೆ ಮುಖಕ್ಕೆ ಚಿಮುಕಿಸಿಕೊಂಡಾಗ ಆಕೆ ಚೀರಿಯೇಬಿಟ್ಟಳು. ಬಂಡೆಯ ಮೇಲೆ ಕುಳಿತು ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿದಳು. ಮನೆಯಲ್ಲಿ ಈ ಹೊತ್ತಿಗೆ ಮನಸ್ಸು ಆಫೀಸಿನ ಮೀಟಿಂಗಿಗೆ ಓಡುತ್ತದೆ. ಇವತ್ತು ಅದು ಒಂದನ್ನೇ ಕೇಳಿಕೊಂಡಿತು. ನನ್ನ ಬೆನ್ನು ನನ್ನ ಮರ್ಯಾದೆ ಉಳಿಸಲಿ.

ತಿರುಗಿ ಬಂದು ಚೀಲ ಎತ್ತಿ ಬೆನ್ನಿಗೇರಿಸಿದಾಗ ಆಕೆಗೆ ಆಶ್ಚರ್ಯವಾಯಿತು. ಅಯ್ಯೋ, ಇದೇನು ಇಷ್ಟು ಹಗುರ!

"ಷಹನಾಜ್, ಮೂರು ತಿಂಗಳು ಅಕ್ಕಿ ಹೊತ್ತಿದ್ದು ಸಾರ್ಥಕ ಆತು ನೋಡು," ಎಂದಳು. "ಏನೂ ಅನಸವಲ್ದು."

"ಮಾಶಾ ಅಲ್ಲಾ ಅಕ್ಕಾ, ನಂಗೂ ಹಂಗ ಅನಸಾಕತ್ತೇದ!" ಎಂದಳು ಷಹನಾಜ್. "ನಿನ್ನೆ ಭುಜ ಹರಕೊಂಡಂಗ ಆಗಿತ್ತು, ಇವತ್ತು ಗಾಳೀನ."

ವಿಶ್ರುತ್ ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದ. ಬಹಳ ಹೊತ್ತು ಕಟ್ಟಿದ.

ಆ ಬೆಳಗಿನ ನಡಿಗೆಯನ್ನು ಏನೆಂದು ಹೇಳಲಿ! ನದಿ ಬಲಕ್ಕೊಮ್ಮೆ ಎಡಕ್ಕೊಮ್ಮೆ ಬರುತ್ತಿತ್ತು. ಹೆಮ್ಲಾಕ್ ಮರಗಳು ಬಿಸಿಲನ್ನೇ ಕೆಳಗೆ ಬಿಡುತ್ತಿರಲಿಲ್ಲ. ಒಂದು ಕಡೆ ಜಲಪಾತ ಧೋ ಎಂದು ಸುರಿಯುತ್ತಿತ್ತು. ಅದರ ತುಂತುರಿಗೆ ಗುರುದೇವಿ ಮುಖವೊಡ್ಡಿ ನಿಂತು ನಕ್ಕಳು. ಇನ್ನೊಂದು ಕಡೆ ಸೇತುವೆಯಿಲ್ಲದೆ ನದಿಯನ್ನು ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಟ್ಟು ದಾಟಬೇಕಿತ್ತು. ಪಾಚಿ ಹಿಡಿದ ಕಲ್ಲು, ಕೆಳಗೆ ಸೆಳೆತ. ಷಹನಾಜ್ ದಂಡೆಯಲ್ಲಿ ನಿಂತು ದುವಾ ಓದುವಷ್ಟರಲ್ಲಿ ಗುರುದೇವಿ ಆಚೆ ದಂಡೆಯಲ್ಲಿದ್ದಳು. ಕೆಸರಿನಲ್ಲಿ ಕರಡಿಯ ಹೆಜ್ಜೆ ಕಂಡಾಗ ಹೆದರುವ ಬದಲು ಪಕ್ಕದಲ್ಲಿ ತನ್ನ ಬೂಟಿಟ್ಟು ಅಳತೆ ನೋಡಿದಳು. ಆಕೆಯ ಒಳಗೆ ಯಾರೋ ಹದಿನಾರರ ಹುಡುಗಿ ಎದ್ದು ಕುಳಿತಿದ್ದಳು. ನಾಲ್ಕು ವರ್ಷ ತನ್ನನ್ನು ಹಾಸಿಗೆಯಂತೆ ಮಡಚಿಟ್ಟ ಮಂದಿಯೆಲ್ಲ ಈಗ ಬಂದು ನೋಡಬೇಕು!

ಹಿಂದೆ ಉಳಿದವನು ಒಬ್ಬನೇ, ವಿಶ್ರುತ್. ಬೆವರಿ ತೊಪ್ಪೆಯಾಗಿದ್ದ. ನಡುನಡುವೆ ಮರಕ್ಕೆ ಒರಗಿ ನಿಲ್ಲುತ್ತಿದ್ದ.

"ಏನಪಾ ಮೈಸೂರ ಮಹಾರಾಜ," ಎಂದು ಗುರುದೇವಿ ಕೂಗಿದಳು, "ನಮ್ಮಂಥ ಮುದುಕೇರು ಮುಂದ, ನೀ ಹಿಂದ?"

"ಇಲ್ಲ ಆಂಟಿ, ಫೋಟೋ ತೆಗೀತಿದ್ದೆ," ಎಂದ ಅವನು ಏದುಸಿರು ಬಿಡುತ್ತಾ. "ನೀವು ಸ್ವಲ್ಪ ನಿಧಾನಕ್ಕೆ ಹೋಗಿ. ಲಂಚಿಗೆ ನಾನು ಬಂದ ಮೇಲೇ ಕೂತ್ಕೊಳೋಣ, ಆಯ್ತಾ?"

ಆದರೆ ಹಗುರಾದ ಬೆನ್ನಿನವರು ನಿಧಾನಕ್ಕೆ ಹೋಗುತ್ತಾರೆಯೇ? ಅರ್ಧ ದಾರಿಯಲ್ಲಿ, ನದಿ ಬಾಗುವಲ್ಲಿ, ಊಟಕ್ಕೆಂದು ಗೊತ್ತು ಮಾಡಿದ್ದ ದೊಡ್ಡ ಬಂಡೆಯನ್ನು ಗುರುದೇವಿ ಎಲ್ಲರಿಗಿಂತ ಮುಂಚೆ ತಲುಪಿದಳು. ಹಸಿವೆಂದರೆ ಹಸಿವು. ಅವರು ಬರುವಷ್ಟರಲ್ಲಿ ರೊಟ್ಟಿಗೆ ಚಟ್ನಿ ಹಚ್ಚಿಡೋಣವೆಂದು ಚೀಲ ಬಿಚ್ಚಿ ಕೈ ಹಾಕಿದಳು.

ಕೈಗೆ ಸಿಕ್ಕದ್ದು ಮೆತ್ತಗಿನ ಏನೋ. ಎಳೆದಳು. ವಿಶ್ರುತನ ನೀಲಿ ಜಾಕೆಟ್ಟು, ಗಾಳಿ ತುಂಬಿಕೊಂಡು ಉಬ್ಬಿದ್ದು. ಅದರ ಕೆಳಗೆ ತನ್ನದೇ ಹಾಸಿಗೆ, ಸುರುಳಿ ಬಿಚ್ಚಿ ಸಡಿಲವಾಗಿ ತುರುಕಿದ್ದು. ರೊಟ್ಟಿ ಡಬ್ಬಿ ಇಲ್ಲ. ಗುಡಾರ ಇಲ್ಲ. ನೀರಿನ ಒಂದು ಬಾಟಲಿ ಬಿಟ್ಟರೆ ಭಾರವಾದದ್ದು ಏನೂ ಇಲ್ಲ.

ಗುರುದೇವಿ ಚೀಲವನ್ನು ತಲೆಕೆಳಗು ಮಾಡಿ ನೋಡಿದಳು. ಪಂದ್ಯದ ಮಾತು ಕಿವಿಯಲ್ಲಿ ಕೇಳಿಸಿತು. ಒಂದು ಸಾಮಾನರೆ ಇನ್ನೊಬ್ಬರ ಬೆನ್ನಿಗೆ ಹೋತಂದ್ರ. ಒಂದೇನು, ಎಲ್ಲವೂ ಹೋಗಿತ್ತು. ಅದಕ್ಕಿಂತ ಹೆಚ್ಚು ನೋವಾದದ್ದು ಬೇರೆ. ಬೆಳಗಿನಿಂದ ತಾನು ಹಿಗ್ಗಿದ್ದು, ಕುಣಿದದ್ದು, ನದಿ ದಾಟಿ ಮೆರೆದದ್ದು ಎಲ್ಲವೂ ಸುಳ್ಳಾಗಿತ್ತು. ಆಕೆಗೆ ನಾಚಿಕೆಯಿಂದ ಕಣ್ಣು ತುಂಬಿತು.

ಷಹನಾಜಳ ಹಿಂದೆ ವಿಶ್ರುತ್ ಬಂದಾಗ ಆಕೆ ಜಾಕೆಟ್ಟನ್ನು ಎತ್ತಿ ಹಿಡಿದು ನಿಂತಿದ್ದಳು.

"ಇದು ಯಾರದಪಾ?"

ವಿಶ್ರುತ್ ಚೀಲ ಇಳಿಸಿ ಬಂಡೆಯ ಮೇಲೆ ಕುಸಿದ. "ಸಾರಿ ಆಂಟಿ. ನೀವು ಪೂಜೆಗೆ ಹೋದಾಗ ತೆಗೆದೆ. ನೆನ್ನೆ ಡ್ರಾಪ್ ಮಾಡುವಾಗ ಅಂಕಲ್ ನನ್ನ ಸೈಡಿಗೆ ಕರೆದು ಕೈ ಹಿಡ್ಕೊಂಡು ಹೇಳಿದ್ರು. ಅವಳಿಗೆ ಗೊತ್ತಾಗದ ಹಾಗೆ ಭಾರ ಇಳಿಸು, ಬೆನ್ನಿಗೆ ಏನಾದ್ರೂ ಆದ್ರೆ ನಾನು ತಡ್ಕೊಳಲ್ಲ ಅಂತ. ಅಷ್ಟು ದೊಡ್ಡವರು ಹಂಗೆ ಕೇಳಿದಾಗ ಆಗಲ್ಲ ಅಂತ ಹೆಂಗೆ ಹೇಳ್ಲಿ?"

"ಡಾಕ್ಟರು?" ಗುರುದೇವಿಯ ದನಿ ಏರಿತು. "ಪಂದ್ಯ ಕಟ್ಟಿದವರು ಅವರ. ಮುರಿಯಾಕ ಹಚ್ಚಿದವರೂ ಅವರ?"

ಷಹನಾಜ್ ಮೊದಲು ತುಟಿ ಕಚ್ಚಿದಳು. ಆಮೇಲೆ ತಡೆಯಲಾರದೆ ನಗತೊಡಗಿದಳು. "ಅಕ್ಕಾ, ಇಪ್ಪತ್ತೈದು ವರ್ಷ ಸೀಟಿನ ಮ್ಯಾಲೆ ತೂಕ ಇಟ್ಟು ನೋಡಾಕಿ ನೀನು. ನಿನ್ನ ಬೆನ್ನ ಮ್ಯಾಲಿನ ತೂಕ ನಿಂಗ ಗೊತ್ತಾಗಲಿಲ್ಲೇನ?"

ವಿಶ್ರುತ್ ತಲೆ ತಗ್ಗಿಸಿ ತನ್ನ ಚೀಲದಿಂದ ಒಂದೊಂದೇ ಹೊರಗಿಡುತ್ತಿದ್ದ. ಗುಡಾರ, ಅದರ ಕಡ್ಡಿಗಳು, ರೊಟ್ಟಿ ಡಬ್ಬಿ, ಚಟ್ನಿ, ನೀರು. ಕೊನೆಗೆ ಬಟ್ಟೆಯಲ್ಲಿ ಸುತ್ತಿದ ಅಡುಗೆಯ ಪಾತ್ರೆ, ಒಲೆ, ಗ್ಯಾಸಿನ ಡಬ್ಬಿ. "ಇದೂ ನಿಮ್ಮ ಚೀಲದಲ್ಲೇ ಇತ್ತು ಆಂಟಿ," ಎಂದ.

ಷಹನಾಜಳ ನಗು ನಿಂತಿತು. "ಇದು ನಂದಲ್ಲೇನು?"

ಈಗ ಹೇಳುವ ಸಮಯ ಬಂತು. ಷಹನಾಜ್ ನಮಾಜಿಗೆ ನಿಂತಾಗ ಗುರುದೇವಿ ಅವಳ ಚೀಲದಿಂದ ಪಾತ್ರೆ, ಒಲೆ, ಗ್ಯಾಸು ಮೂರನ್ನೂ ಮೆಲ್ಲಗೆ ತೆಗೆದು ತನ್ನ ಚೀಲದ ಬುಡಕ್ಕೆ ಸೇರಿಸಿದ್ದಳು. ಪಾಪ, ಭುಜ ನೋಯುತ್ತದೆ, ಅವಳಿಗೆ ಗೊತ್ತಾಗುವುದು ಬೇಡ ಎಂದು. ಕಳ್ಳರ ಮನೆಗೇ ಕನ್ನ ಬಿದ್ದಿತ್ತು.

"ನಿನ್ನ ಭುಜ..." ಎಂದು ಗುರುದೇವಿ ತೊದಲಿದಳು.

"ನನ್ನ ಭುಜ ನಂದು!" ಷಹನಾಜ್ ನಿಜವಾಗಿಯೂ ಸಿಟ್ಟಾಗಿದ್ದಳು. "ಮನ್ಯಾಗ ಮಗಳು ನಬೀಲಾ ಸೂಜಿ ಡಬ್ಬಿ ಸುದ್ದಾ ಎತ್ತಾಕ ಬಿಡೂದಿಲ್ಲ. ಅಮ್ಮೀ, ಐ ವಿಲ್ ಡೂ ಇಟ್ ಅಂತಾಳ. ನೀ ಒಬ್ಬಾಕಿ ಹಂಗಲ್ಲ ಅಂತ ನಾ ನಿನ್ನ ಸಂಗಾಟ ಬಂದೀನಿ ಅಕ್ಕಾ. ನೀನೂ ಹಂಗ?"

ಗುರುದೇವಿ ಬಂಡೆಯ ಮೇಲೆ ಕುಳಿತಳು. ಗಂಡನಿಗೆ ಬೈಯಲು ಜೋಡಿಸಿಟ್ಟ ಮಾತುಗಳೆಲ್ಲ ತನಗೇ ತಿರುಗಿ ಬಂದವು. "ತಪ್ಪಾತು," ಎಂದಳು. "ಬೈ ನಂಗ. ಚೊಲೋತ್ನಂಗ ಬೈ."

ಷಹನಾಜ್ ಬೈದಳು. ವಿಜಯಪುರದ ಬೈಗುಳ, ಇಲ್ಲಿ ಬರೆಯುವಂಥದ್ದಲ್ಲ. ವಿಶ್ರುತ್ ನದಿಯ ಕಡೆ ಮುಖ ತಿರುಗಿಸಿ ಕುಳಿತ. ಬೈದು ಮುಗಿಸಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಎಷ್ಟು ನಕ್ಕರೆಂದರೆ ರೊಟ್ಟಿ ಗಂಟಲಿಗೆ ಸಿಕ್ಕಿ ಕೆಮ್ಮಿದರು.

"ಈಗ ಏನ್ ಮಾಡೋಣ ಆಂಟಿ?" ಎಂದು ವಿಶ್ರುತ್ ಅಂಜುತ್ತ ಕೇಳಿದ.

ಗುರುದೇವಿ ಮುಂದಿನ ದಾರಿ ನೋಡಿದಳು. ಹಿಂದೆ ಹೋಗಿ ಮೊದಲಿನಿಂದ ನಡೆಯಲು ಹೊತ್ತಿರಲಿಲ್ಲ. ಆದರೆ ಇಲ್ಲಿಯವರೆಗಿನದು ಬಹುಪಾಲು ಸಮ ದಾರಿ. ನಿಜವಾದ ಏರು ಇನ್ನೂ ಮುಂದಿತ್ತು. "ನಂದು ನಂಗ ಕೊಡು," ಎಂದಳು. "ಅಕೀದು ಅಕೀಗೆ ಕೊಡು. ಇಲ್ಲಿಂದ ಮ್ಯಾಲೆ ಯಾರರೆ ನನ್ನ ಚೀಲಕ್ಕ ಕೈ ಹಚ್ಚಿದ್ರಂದ್ರ ನದ್ಯಾಗ ದಬ್ಬತೀನಿ."

ಚೀಲ ಬೆನ್ನಿಗೇರಿದಾಗ ಗೊತ್ತಾಯಿತು ಭಾರವೆಂದರೆ ಏನೆಂದು. ಪಟ್ಟಿ ಭುಜಕ್ಕೆ ಕಚ್ಚಿತು. ಕುಣಿಯುವ ಹೆಜ್ಜೆ ಹೋಗಿ ಊರುವ ಹೆಜ್ಜೆ ಬಂತು. ಹಿಂದಿನಿಂದ ಕೇಳುತ್ತಿದ್ದ ಏದುಸಿರು ಈಗ ಆಕೆಯದೇ ಆಗಿತ್ತು. ಮಧ್ಯಾಹ್ನ ಇಳಿಯುವಾಗ ಏರು ಶುರುವಾಯಿತು. ಬೇರುಗಳ ಮೇಲೆ, ಕಲ್ಲುಗಳ ಮೇಲೆ, ಮತ್ತೆ ಬೇರುಗಳ ಮೇಲೆ. ಒಂದು ತಿರುವಿನಲ್ಲಿ ಬೆನ್ನಿನ ಆ ಹಳೆಯ ಜಾಗದಲ್ಲಿ ಚುಳ್ ಎಂದಿತು. ಆಕೆ ಗಕ್ಕನೆ ಕುಳಿತಳು.

ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಆಸ್ಪತ್ರೆಯ ಆ ಬಿಳಿ ತಿಂಗಳುಗಳು ಕಣ್ಣ ಮುಂದೆ ಬಂದವು. ಆಕೆ ಉಸಿರು ಹಿಡಿದು ಕಾದಳು. ಬೆನ್ನನ್ನು ಮೆಲ್ಲಗೆ ಎಡಕ್ಕೆ ಹೊರಳಿಸಿದಳು, ಬಲಕ್ಕೆ ಹೊರಳಿಸಿದಳು. ಕಾಲ್ಬೆರಳುಗಳನ್ನು ಆಡಿಸಿದಳು. ಮತ್ತೆ ಚುಳುಕು ಬರಲಿಲ್ಲ. ಬರೀ ದಣಿವು. ದಣಿವಿಗೂ ನೋವಿಗೂ ಇರುವ ವ್ಯತ್ಯಾಸವನ್ನು ನಾಲ್ಕು ವರ್ಷದಲ್ಲಿ ತಾನು ಮರೆತೇಬಿಟ್ಟಿದ್ದೆ ಎಂದು ಆಕೆಗೆ ಅನಿಸಿತು.

ವಿಶ್ರುತನ ಕೈ ತಾನಾಗಿಯೇ ಮುಂದೆ ಬಂತು. ಮಾತು ನೆನಪಾಗಿ ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಪಾಪ, ಆ ಕೈಗಳನ್ನು ಹಿಡಿದಿಟ್ಟುಕೊಳ್ಳುವುದು ಅವನಿಗೆ ಏರು ಹತ್ತುವುದಕ್ಕಿಂತ ಕಷ್ಟವಾಗಿತ್ತು.

ಕುಳಿತವಳು ಭಾರ ಹೊತ್ತು ಏಳುವುದು ಹೇಗೆ? ಗುರುದೇವಿ ಮೊದಲು ಮಗ್ಗುಲಾದಳು, ಆಮೇಲೆ ಅಂಬೆಗಾಲಿಟ್ಟಳು, ಒಂದು ಮೊಣಕಾಲು ಊರಿದಳು, ಮರದ ಬೊಡ್ಡೆ ಹಿಡಿದು 'ಯಪ್ಪಾ' ಎಂದು ಎದ್ದಳು. ಮೇಲಿನಿಂದ ಷಹನಾಜ್ ಪಾತ್ರೆ ಸದ್ದು ಮಾಡುತ್ತ ಕೂಗಿದಳು. "ಬಾ ಅಕ್ಕಾ, ಮುಗಲು ಕಾಣಾಕತ್ತೇದ!"

ಹೌದು, ಮುಗಿಲು. ಮರಗಳು ಒಮ್ಮೆಲೇ ಮುಗಿದು ಬಂಡೆಯ ನೆತ್ತಿ ಬಂತು. ಕೆಳಗೆ, ಬಹಳ ಕೆಳಗೆ, ಕಾಡಿನ ನಡುವೆ ಉದ್ದಕ್ಕೆ ಮಲಗಿದ ನೀಲಿ ಕೆರೆ. ಅದರಲ್ಲಿ ಮೋಡಗಳು ತೇಲುತ್ತಿದ್ದವು. ಗಾಳಿ ಬೀಸಿ ಬೆವರೆಲ್ಲ ಆರಿತು. ಗುರುದೇವಿ ಎರಡೂ ಕೈ ಎತ್ತಿ ಗಂಟಲು ಬಿಚ್ಚಿ ಕೂಗಿದಳು. ಏನು ಕೂಗಿದಳೆಂದು ಆಕೆಗೇ ಗೊತ್ತಿಲ್ಲ. ಫೋಟೋ ತೆಗೆಯುತ್ತಿದ್ದ ಅಮೆರಿಕನ್ ದಂಪತಿ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಬೆಳಗಿನ ಹಿಗ್ಗು ಹಗುರವಾಗಿತ್ತು. ಈ ಹಿಗ್ಗಿಗೆ ಮೂವತ್ತು ಪೌಂಡು ತೂಕವಿತ್ತು.

ಕಾರುಗಳ ಕಡೆಯಿಂದ ಸಂಗಮೇಶ ಓಡುತ್ತಾ ಬಂದ. ಕೈಯಲ್ಲಿ ಚಹದ ಥರ್ಮಾಸು. ಮೊದಲು ಹೆಂಡತಿಯ ಮುಖ ನೋಡಿದ, ಆಮೇಲೆ ನಡಿಗೆ ನೋಡಿದ, ಕೊನೆಗೆ ಚೀಲಕ್ಕೆ ಕೈ ಚಾಚಿದ.

"ಕೈ ಹಚ್ಚಬ್ಯಾಡ್ರಿ!" ಮೂವರೂ ಒಟ್ಟಿಗೆ ಕೂಗಿದರು.

ಅವನು ಬೆಚ್ಚಿ ನಿಂತ. ವಿಶ್ರುತನ ಮುಖ ನೋಡಿದ್ದೇ ಅವನಿಗೆ ಎಲ್ಲ ಅರ್ಥವಾಯಿತು.

"ಡಾಕ್ಟರ್ ಸಾಹೇಬ್ರ," ಎಂದಳು ಗುರುದೇವಿ, "ಅರ್ಧ ದಾರಿ ನಿಮ್ಮ ಮಾತು ಕೇಳಿ ಈ ಹುಡುಗ ನನ್ನ ಭಾರ ಹೊತ್ತಾನ. ಅದನ್ನ ನಾ ಮುಚ್ಚಿಡೂದಿಲ್ಲ. ಉಳಿದ ಅರ್ಧ, ಆ ಏರು, ನಾ ಹೊತ್ತೀನಿ. ಪಂದ್ಯ ಸೋತೀನೋ ಗೆದ್ದೀನೋ ನೀವ ಹೇಳ್ರಿ." ಪಟ್ಟಿ ಬಿಚ್ಚಿ ಚೀಲವನ್ನು ಅವನ ಮುಂದೆ ಇಳಿಸಿದಳು. "ಮೊದಲ ಇದನ್ನ ಎತ್ತಿ ನೋಡಿ ಹೇಳ್ರಿ."

ಸಂಗಮೇಶ ಒಂದು ಕೈಯಿಂದ ಎತ್ತಲು ನೋಡಿದ. ಚೀಲ ನೆಲ ಬಿಡಲಿಲ್ಲ. ಎರಡು ಕೈ ಹಾಕಿದ. ಬೆನ್ನಿಗೇರಿಸಿಕೊಂಡು ಕಾರಿನ ಕಡೆ ಹೊರಟ, ಹತ್ತು ಹೆಜ್ಜೆಗೆ ನಿಂತ, ಇನ್ನಷ್ಟು ನಡೆದು ಮತ್ತೆ ನಿಂತ. ಕಾರಿನ ಹತ್ತಿರ ಇಳಿಸಿ, ಡಿಕ್ಕಿಗೆ ಒರಗಿ ಸುಧಾರಿಸಿಕೊಂಡ. ತಿರುಗಿದಾಗ ಅವನ ಕಣ್ಣು ಒದ್ದೆಯಾಗಿತ್ತು.

"ಇದನ್ನ ಹೊತ್ಕೊಂಡು ಆ ಏರು ಹತ್ತೀಯೇನು?"

"ಹೂಂ."

"ದಿನಾ ಮಂದೀನ ಮಲಗಸಾಂವ ನಾ," ಎಂದ ಅವನು. "ನಿನ್ನ ಆಪರೇಷನ್ ದಿನ ನನ್ನ ಒಳಗ ಬಿಡಲಿಲ್ಲ. ಹೊರಗ ಕುರ್ಚಿ ಮ್ಯಾಲೆ ಕುಂತಿದ್ದೆ. ಅವತ್ತಿನ ಹೆದರಿಕಿ ಇನ್ನೂ ಹೋಗಿಲ್ಲ ಗುರು."

ಗುರುದೇವಿ ಅವನ ಪಕ್ಕಕ್ಕೆ ಬಂದು ನಿಂತಳು. ಬೈಯಬೇಕೆಂದಿದ್ದಳು, ಆಗಲಿಲ್ಲ. "ನಂಗ ಗೊತ್ತೈತ್ರಿ," ಎಂದಳು. "ಆದ್ರ ಆ ಹೆದರಿಕಿ ನಿಮ್ಮದು. ಅದನ್ನ ನಾ ಹೊರಾಕ ಆಗೂದಿಲ್ಲ."

ಅವನು ಥರ್ಮಾಸಿನ ಮುಚ್ಚಳಕ್ಕೆ ಚಹ ಬಗ್ಗಿಸಿ ಆಕೆಗೆ ಕೊಟ್ಟ. ಆಕೆ ಕುಡಿದು ಮುಗಿಸಿದ ಮೇಲೆ ಮುಚ್ಚಳ ತಿರುಗಿಸಿ ಕೂರಿಸಿದ. "ಸೆಪ್ಟೆಂಬರ್‌ದಾಗ ದ್ವೀಪಕ್ಕ ದೋಣಿ ಎಲ್ಲಿಂದ ಹೊಂಡತದ?" ಎಂದು ಕೇಳಿದ. "ನಾ ಅಲ್ಲೀತನ ಬಿಡಾಕ ಬರ್ತೀನಿ."

ಷಹನಾಜ್ ತನ್ನ ಪಾತ್ರೆ ಬಡಿದಳು. ವಿಶ್ರುತ್ ಮೊದಲ ಸಲ ನಕ್ಕ.

ಹೊರಡುವ ಹೊತ್ತಾಯಿತು. ಸಂಗಮೇಶನ ಕೈ ಅಭ್ಯಾಸಬಲದಿಂದ ಚೀಲದ ಪಟ್ಟಿಗೆ ಹೋಯಿತು, ಅರ್ಧದಲ್ಲಿ ನಿಂತಿತು. ಅವನು ಪಕ್ಕಕ್ಕೆ ಸರಿದು ಡಿಕ್ಕಿಯ ಬಾಗಿಲನ್ನಷ್ಟೇ ಎತ್ತಿ ಹಿಡಿದ. ಗುರುದೇವಿ ಚೀಲವನ್ನು ಎತ್ತಿ ಒಳಗಿಟ್ಟಳು.